ಅಳಿಸಬೇಡಿ

ಬೆಳಿಗ್ಗೆ ಆರೂವರೆಗೆ ಫೋನು ಬಂದರೆ
ಯಾರಿಗೋ ಜ್ವರ ಎಂದರ್ಥ.
ಏಳಕ್ಕೆ ಬಂದರೆ ಯಾರದೋ ಮಾವ ತೀರಿಕೊಂಡಿದ್ದಾರೆ.
ಎರಡಕ್ಕೂ ನಾನು ಅದೇ ಇಸ್ತ್ರಿ ಶರಟು ತೊಟ್ಟು
ಲಿಂಗರಾಜಪುರದ ಮೇಲ್ಸೇತುವೆ ಇಳಿಯುತ್ತೇನೆ,
ಚೀಲದಲ್ಲೊಂದು ಲಾಗರಿದಮ್ ಪುಸ್ತಕ, ಒಂದು ಇಂಗ್ಲಿಷ್ ವ್ಯಾಕರಣ,
ನಡುವೆ ಚಿತ್ರಾನ್ನದ ಡಬ್ಬಿ.

ಈ ಸಲದ್ದು ಜ್ವರವಲ್ಲ, ಹೆರಿಗೆ. ಆರು ತಿಂಗಳು.
ಗಣಿತದ ವಸುಮತಿ ಮೇಡಂ ಜಾಗಕ್ಕೆ ನಾನು.
ಮೂರನೇ ವಾರ ಇಂಗ್ಲಿಷಿನ ಫೆಲಿಕ್ಸ್ ಸಾರ್
ಮತದಾರರ ಪಟ್ಟಿ ಹಿಡಿದು ಮನೆ ಮನೆ ಹೊರಟಾಗ
‘ನೀವು ಹೇಗೂ ಇದ್ದೀರಲ್ಲ’ ಅಂದರು ಪ್ರಿನ್ಸಿಪಾಲರು.
ಇದ್ದೆ.
ಹೇಗೂ ಇರುವುದೇ ನನ್ನ ಅರ್ಹತೆ.

ಸ್ಟಾಫ್ ರೂಮಿನ ಕುರ್ಚಿಗಳಿಗೆಲ್ಲ ಹೆಸರಿದೆ,
ಕೂತರೆ ಯಾರಾದರೂ ನಯವಾಗಿ ಕೆಮ್ಮುತ್ತಾರೆ.
ಹಾಗಾಗಿ ಕಿಟಕಿ ಕಟ್ಟೆಯ ಮೇಲೆ, ನೀರಿನ ಫಿಲ್ಟರಿನ ಪಕ್ಕ,
ನಿಂತೇ ಉತ್ತರಪತ್ರಿಕೆ ತಿದ್ದುತ್ತೇನೆ.
ತಾಸಿಗಿಷ್ಟು ಅಂತ ಲೆಕ್ಕ. ತಿಂಗಳ ಕೊನೆಗೆ ವೋಚರು,
ರೆವಿನ್ಯೂ ಸ್ಟಾಂಪು, ಅದರ ಮೇಲೆ ಅಡ್ಡ ಸಹಿ.
ಇಡೀ ಕಾಲೇಜಿನಲ್ಲಿ ನನ್ನ ಹೆಸರು ಪೂರ್ತಿ ಬರೆಯುವ ಜಾಗ ಅದೊಂದೇ.

ಮೊದಲ ದಿನವೇ ಕಂಡದ್ದು:
ಬೋರ್ಡಿನ ಬಲಮೂಲೆಯಲ್ಲಿ ಅಂಗೈಯಗಲದ ಚೌಕ,
ಒಳಗೆ ವಸುಮತಿ ಮೇಡಂ ದುಂಡಕ್ಷರ,
ಅರ್ಧಕ್ಕೆ ನಿಂತ ಒಂದು ಸಾಧನೆ,
ಕೆಳಗೆ ಗೆರೆ ಎಳೆದು: ಅಳಿಸಬೇಡಿ.
ಡಸ್ಟರು ಹಿಡಿದ ನನ್ನ ಕೈಯನ್ನೇ ನೋಡುತ್ತಿದ್ದವು ಅರವತ್ತು ಜೊತೆ ಕಣ್ಣು.
ಅಳಿಸಲಿಲ್ಲ.
ಅವತ್ತಿನಿಂದ ಮೂಲೆ ಬಿಟ್ಟು ಉಳಿದದ್ದರಲ್ಲಿ ನನ್ನ ಪಾಠ;
ಉದ್ದನೆಯ ಸಮೀಕರಣ ಅಲ್ಲಿಗೆ ಬಂದಾಗ
ಬಸುರಿಗೆ ದಾರಿ ಬಿಟ್ಟ ಹಾಗೆ
ಬಾಗಿ ಕೆಳಗಿಳಿಯುತ್ತದೆ.

ಎಕ್ಸ್ ಜಾಗದಲ್ಲಿ ಐದು ಹಾಕಿ, ಅನ್ನುತ್ತೇನೆ ಎ ಸೆಕ್ಷನ್ನಿಗೆ.
ಮಧ್ಯಾಹ್ನ ಸಿ ಸೆಕ್ಷನ್ನಿಗೆ:
ನಾಮಪದದ ಜಾಗದಲ್ಲಿ ಬರುವುದು ಸರ್ವನಾಮ.
ಹಿಂದಿನ ಬೆಂಚಿನ ತಸ್ಕೀನ್ ಕೈ ಎತ್ತದೆಯೇ ಕೇಳಿದಳು,
‘ಆಮೇಲೆ ನಾಮಪದ ವಾಪಸ್ ಬಂದರೆ, ಸಾರ್?’
ಅಷ್ಟರಲ್ಲಿ ಹಿಂದಿನ ಹಳಿಯ ಮೇಲೆ ಗೂಡ್ಸ್ ಗಾಡಿ.
ಅದು ದಾಟುವ ತನಕ ಈ ಕಾಲೇಜಿನಲ್ಲಿ
ಯಾರೂ ಯಾವ ಪ್ರಶ್ನೆಗೂ ಉತ್ತರಿಸಬೇಕಿಲ್ಲ.
ಡಬ್ಬಿ ಎಣಿಸುತ್ತಾ ನಿಂತೆ. ನಲವತ್ತೆರಡು.

ಎಲ್ಲ ಸಪ್ಪೆಯೇನಲ್ಲ.
ಬೆಳಗಿನ ಜಾವ ಹಾಲು ಹಾಕಿ ಬಂದು ಬೆಂಚಿಗೊರಗಿ ನಿದ್ದೆ ತೆಗೆಯುವ ಅರುಳಪ್ಪ
ಒಂದು ಗುರುವಾರ ಎದ್ದು ಕೂತ.
‘ಸಾರ್, ಮೂಲೇಲಿ, ಎರಡನೇ ಸಾಲಲ್ಲಿ,
ಮೈನಸ್ ಬಿಟ್ಟೋಗಿದೆ.’
ಹೌದು. ಬಿಟ್ಟುಹೋಗಿತ್ತು.
ನಾಲ್ಕು ತಿಂಗಳಿಂದ ಅದನ್ನು ಕಾದಿದ್ದೆನೇ ಹೊರತು
ಒಂದು ಸಲವೂ ಓದಿರಲಿಲ್ಲ.
ಸೀಮೆಸುಣ್ಣ ಅವನ ಕೈಗೇ ಕೊಟ್ಟೆ.
ಚೌಕದ ಗೆರೆ ಮುಟ್ಟದೆ, ತುದಿಗಾಲಲ್ಲಿ ನಿಂತು,
ಎಳ್ಳುಕಾಳಿನಷ್ಟು ಗೀಟು ಹಾಕಿ ಬಂದು
ಮತ್ತೆ ಮಲಗಿದ.

ಫೆಲಿಕ್ಸ್ ಸಾರ್ ಮೊದಲೇ ಮರಳಿದ್ದರು, ಬಿಸಿಲಿಗೆ ಕಪ್ಪಾಗಿ.
ವಸುಮತಿ ಮೇಡಂ ಬಂದದ್ದು ಸೋಮವಾರ,
ಸೆರಗಿನಲ್ಲಿ ಬೇಬಿ ಪೌಡರಿನ ವಾಸನೆ, ಕೈಯಲ್ಲಿ ಪೇಡದ ಡಬ್ಬ.
ನನಗೂ ಒಂದು ಕೊಟ್ಟು, ‘ನೀವು...?’
‘ನಿಮ್ಮ ಜಾಗದಲ್ಲಿ’ ಅಂದೆ.
‘ಓ.’
ಕ್ಲಾಸಿನಲ್ಲಿ ಬೋರ್ಡು ನೋಡಿ ನಕ್ಕರು:
‘ಅಯ್ಯೋ, ಇದಿನ್ನೂ ಇದೆಯಾ!’
ಡಸ್ಟರು ಎಳೆದದ್ದು ಒಂದೇ ಸಲ.
ಅರುಳಪ್ಪ ಮಲಗಿದ್ದ. ನಾನು ಬಾಗಿಲಲ್ಲಿದ್ದೆ,
ಪೇಡ ಇನ್ನೂ ಬಾಯಲ್ಲಿ.

ಸಂಜೆ ಬಸ್ ಸ್ಟಾಪಿನಲ್ಲಿ ಇಬ್ಬರ ಜಗಳ:
‘ನೋಡೋ, ಮ್ಯಾಥ್ಸ್ ಸಾರ್.’
‘ಲೇ, ಇಂಗ್ಲಿಷ್ ಸಾರ್ ಕಣೋ.’
ಮೂರನೆಯವನು ಬಂದು ತೀರ್ಮಾನ ಮಾಡಿಬಿಟ್ಟಾನೆಂದು
ನಂಬರು ನೋಡದೆ ಬಸ್ಸು ಹತ್ತಿದೆ.
ಕಂಡಕ್ಟರ್ ಚಿಲ್ಲರೆ ಕೇಳಿದ.
ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಮೋಟು ಸೀಮೆಸುಣ್ಣ,
ಕಾಲೇಜಿನ ಸ್ವತ್ತು.
ನಾಳೆ ಆರೂವರೆಗೆ ಫೋನು ಬರದಿದ್ದರೆ
ಇದನ್ನು ಯಾರಿಗೆ ಒಪ್ಪಿಸಲಿ?